ಮೂರು ಸಾವಿರ ರೂಪಾಯಿಯ ಓದುವ ಮೂಲೆ

ನಿಮ್ಮದು 30 ಮಕ್ಕಳ ನಾಲ್ಕನೇ ತರಗತಿ, ಪುಸ್ತಕಕ್ಕೆಂದು ಕೈಯಲ್ಲಿರುವುದು 3,000 ರೂಪಾಯಿ ಎಂದುಕೊಳ್ಳೋಣ. ಆ ಹಣ ಶಾಲೆಯ ಅನುದಾನದಿಂದ ಸಿಕ್ಕಿರಬಹುದು, ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟಿರಬಹುದು, ನೀವೇ ಸಂಬಳದಲ್ಲಿ ಎತ್ತಿಟ್ಟಿರಬಹುದು. ಹೊಸದಾಗಿ ಕೆಲಸಕ್ಕೆ ಸೇರಿದ ಶಿಕ್ಷಕರು ಹೆಚ್ಚಾಗಿ ಕೇಳುವುದು ಇದನ್ನೇ: ಇಷ್ಟರಲ್ಲಿ ತರಗತಿಗೊಂದು ಗ್ರಂಥಾಲಯ ಆದೀತೆ? ಖಂಡಿತ ಆಗುತ್ತದೆ. ಆದರೆ ಒಂದು ಮಾತಿಗೆ ನೀವು ಮೊದಲೇ ಒಪ್ಪಿರಬೇಕು. ಈ ಪುಸ್ತಕಗಳು ಸವೆಯುತ್ತವೆ, ಮೂಲೆ ಮಡಚಿಕೊಳ್ಳುತ್ತವೆ, ಕೆಲವು ಹರಿಯುತ್ತವೆ, ಮನೆಗೆ ಹೋದ ಒಂದೆರಡು ಮರಳಿ ಬರುವುದಿಲ್ಲ. ಮಕ್ಕಳ ಕೈಯಲ್ಲಿ ಹರಿದ ಪುಸ್ತಕಕ್ಕೆ ಕೊಟ್ಟ ದುಡ್ಡು ಸಾರ್ಥಕ. ಬೀರುವಿನೊಳಗೆ ವರ್ಷಗಟ್ಟಲೆ ಹೊಸದಾಗಿಯೇ ಉಳಿದ ಪುಸ್ತಕಕ್ಕೆ ಕೊಟ್ಟ ದುಡ್ಡು ದಂಡ. ಏನು ಕೊಳ್ಳಬೇಕು, ಎಲ್ಲಿಡಬೇಕು, ಯಾರಿಗೆ ಕೊಡಬೇಕು ಎಂಬ ಉಳಿದೆಲ್ಲ ತೀರ್ಮಾನಗಳೂ ಈ ಒಪ್ಪಿಗೆಯಿಂದಲೇ ಹುಟ್ಟುತ್ತವೆ.

ಅಂಗಡಿಗೆ ಹೋಗುವ ಮೊದಲು ಶಾಲೆಯ ಬೀರು ತೆರೆಯಿರಿ. ಬಹುತೇಕ ಸರ್ಕಾರಿ ಶಾಲೆಗಳಲ್ಲಿ ಮುಖ್ಯಶಿಕ್ಷಕರ ಕೋಣೆಯ ಕಬ್ಬಿಣದ ಬೀರುವಿನಲ್ಲಿ ಹಿಂದಿನ ವರ್ಷಗಳ ಅನುದಾನದಲ್ಲಿ ಬಂದ ಪುಸ್ತಕಗಳು ಇದ್ದೇ ಇರುತ್ತವೆ. 2018ರಲ್ಲಿ ಬಂದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದೇ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಅನುದಾನದ ಅವಕಾಶ ಇಟ್ಟರು. ಶಾಲೆಯಲ್ಲಿ ಯಾವ ತರಗತಿಗಳಿವೆ ಎಂಬುದರ ಮೇಲೆ ಮೊತ್ತ ನಿಲ್ಲುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೂ ಪ್ರತಿ ಶಾಲೆಯಲ್ಲೂ ದಿನಪತ್ರಿಕೆ, ನಿಯತಕಾಲಿಕೆ, ಕಥೆಪುಸ್ತಕಗಳುಳ್ಳ ಗ್ರಂಥಾಲಯ ಇರಬೇಕೆಂದು 2009ರಲ್ಲೇ ಹೇಳಿದೆ. ಹಾಗಾಗಿ ನಿಮ್ಮ ಶಾಲೆಗೆ ಏನು ಬಂದಿದೆ, ಅದರಲ್ಲಿ ಏನು ಕೊಂಡಿದ್ದಾರೆ ಎಂದು ವಿಚಾರಿಸುವುದು ಅಧಿಕಪ್ರಸಂಗವಲ್ಲ.

ಆ ಬೀರುವಿಗೆ ಬೀಗ ಬೀಳುವುದು ಯಾರ ಕೆಟ್ಟತನದಿಂದಲೂ ಅಲ್ಲ, ಅಂಜಿಕೆಯಿಂದ. ಪುಸ್ತಕಗಳೆಲ್ಲ ದಾಸ್ತಾನು ವಹಿಯಲ್ಲಿ ಏರಿರುತ್ತವೆ. ವರ್ಗಾವಣೆಯಾಗಿ ಚಾರ್ಜ್ ಕೊಡುವ ದಿನ ನಾಲ್ಕು ಪುಸ್ತಕ ಕಡಿಮೆ ಬಂದರೆ ತಮ್ಮ ತಲೆಗೆ ಬರುತ್ತದೆ ಎಂಬ ಭಯ ಹಿರಿಯ ಶಿಕ್ಷಕರಿಗೆ ಇರುವುದು ಸಹಜ. ಅವರೊಂದಿಗೆ ವಾದಕ್ಕೆ ಇಳಿಯಬೇಡಿ. 40 ಪುಸ್ತಕ ಆರಿಸಿ, ನಿಮ್ಮ ಹೆಸರಿಗೆ ಬರೆಸಿಕೊಂಡು, ಸಹಿ ಹಾಕಿ ತರಗತಿಗೆ ತನ್ನಿ. ವರ್ಷದ ಕೊನೆಗೆ ಹರಿದವು, ಕಳೆದವು ಯಾವುವೆಂದು ಪಟ್ಟಿ ಮಾಡಿ ಎಸ್‌ಡಿಎಂಸಿ ಸಭೆಯ ಮುಂದಿಟ್ಟು ನಡಾವಳಿಯಲ್ಲಿ ಬರೆಸಿ. ಸಭೆಗೆ ಬರುವ ತಂದೆತಾಯಿಗಳಿಗೆ ಪುಸ್ತಕ ಯಾಕೆ ಹರಿಯಿತೆಂದು ವಿವರಿಸಬೇಕಾಗಿಯೇ ಇಲ್ಲ, ಅದು ಅವರ ಮನೆಯಲ್ಲೇ ಓಡಾಡಿರುತ್ತದೆ.

ಶಾಲೆಗೆ ಒಂದು ಗ್ರಂಥಾಲಯ ಕೊಠಡಿ ಇದ್ದರೆ ಸಾಲದೇ, ತರಗತಿಯೊಳಗೆ ಯಾಕೆ ಎಂದು ಕೇಳಬಹುದು. ವಾರಕ್ಕೊಂದು ಗ್ರಂಥಾಲಯದ ಅವಧಿ ಎಂದು ವೇಳಾಪಟ್ಟಿಯಲ್ಲಿ ಬರೆದಿದ್ದರೂ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ಪರೀಕ್ಷೆ ಎಂದು ಮೊದಲು ಕೈಬಿಡುವುದು ಆ ಅವಧಿಯನ್ನೇ. ತರಗತಿಯ ಪುಸ್ತಕಕ್ಕೆ ಅವಧಿಯೇ ಬೇಕಿಲ್ಲ. ಲೆಕ್ಕ ಬೇಗ ಮುಗಿಸಿದ ಮಗು, ಬಿಸಿಯೂಟ ಮುಗಿಸಿ ಬಿಸಿಲಿಗೆ ಒಳಬಂದ ಮಗು, ಮಳೆಗೆ ಸಿಕ್ಕಿ ಬೇಗ ಬಂದು ಕೂತ ಮಗು ಕೈಚಾಚಿದರೆ ಸಿಗಬೇಕು. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟ ಎಸ್.ಆರ್. ರಂಗನಾಥನ್ 1931ರಲ್ಲಿ ಆ ಸೂತ್ರಗಳ ಪುಸ್ತಕ ಪ್ರಕಟಿಸಿದಾಗ ಮೊದಲ ಸೂತ್ರದಲ್ಲೇ ಹೇಳಿದ್ದು ಪುಸ್ತಕ ಬಳಕೆಗಾಗಿ ಇದೆ ಎಂದು. ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲೇ ಕಳೆದರು. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳನ್ನು ಕಂಡ ಆ ಮನುಷ್ಯ ಇಷ್ಟು ಸರಳ ಮಾತನ್ನು ಮೊದಲಿಗಿಟ್ಟರಲ್ಲ, ಅದನ್ನು ನಾಲ್ಕನೇ ತರಗತಿಯ ಮೂಲೆಯಲ್ಲೂ ಪಾಲಿಸಬಹುದು ಎನ್ನುವುದೇ ನನಗೆ ದೊಡ್ಡ ಭರವಸೆ.

ಇನ್ನು ಆಯ್ಕೆ. ಇಲ್ಲಿ ನಿಧಾನವಾಗಿ ನಡೆಯಬೇಕು. ಹಣ ಪೋಲಾಗುವುದು ಬೆಲೆಯಿಂದಲ್ಲ, ಆಯ್ಕೆಯಿಂದ.

ನಾಲ್ಕನೇ ತರಗತಿ ಎಂದ ಮಾತ್ರಕ್ಕೆ ಮಕ್ಕಳೆಲ್ಲ ನಾಲ್ಕನೇ ತರಗತಿಯ ಪಠ್ಯವನ್ನು ಓದುತ್ತಾರೆ ಎಂದುಕೊಳ್ಳಬೇಡಿ. ನಲಿ-ಕಲಿಯಿಂದ ಮೇಲೆ ಬಂದ ಕೆಲವರು ಸರಾಗವಾಗಿ ಓದುತ್ತಾರೆ, ಕೆಲವರು ಒತ್ತಕ್ಷರ ಬಂದಲ್ಲೆಲ್ಲ ನಿಲ್ಲುತ್ತಾರೆ, ಕೆಲವರು ಇನ್ನೂ ಕಾಗುಣಿತದಲ್ಲೇ ಇದ್ದಾರೆ. ಮನೆಯಲ್ಲಿ ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ ಆಡುವ ಮಗುವಿಗೆ ಪುಸ್ತಕದ ಕನ್ನಡ ಎರಡನೆಯ ಭಾಷೆ. ಕಲಬುರಗಿಯ ಮಗುವಿಗೂ ಕುಂದಾಪುರದ ಮಗುವಿಗೂ ಪುಸ್ತಕದ ಕನ್ನಡ ಮನೆಯ ಕನ್ನಡವಲ್ಲ. ಆದ್ದರಿಂದ ಮೊದಲ ಖರೀದಿಯ ಬಹುಪಾಲು ತೆಳ್ಳಗಿನ ಚಿತ್ರಪುಸ್ತಕಗಳಿರಲಿ: ಪುಟಕ್ಕೆ ಎರಡರಿಂದ ಐದು ಸಾಲು, ದೊಡ್ಡ ಅಕ್ಷರ, ಮಾತು ತಪ್ಪಿದರೂ ಕಥೆಯನ್ನು ಹಿಡಿದು ನಡೆಸುವ ಚಿತ್ರ. ಚೆನ್ನಾಗಿ ಓದುವ ಮಗು ಇಂಥ ಪುಸ್ತಕವನ್ನು ಕೀಳೆಂದು ಬಿಡುವುದಿಲ್ಲ, ಹತ್ತು ನಿಮಿಷದಲ್ಲಿ ಓದಿ ಇನ್ನೊಂದಕ್ಕೆ ಬರುತ್ತದೆ. ಓದಲು ಕಷ್ಟಪಡುವ ಮಗುವಿನ ಕೈಗೆ ದಪ್ಪ ಪುಸ್ತಕ ಬಂದರೆ ಆ ಮಗು ಮತ್ತೆ ಆ ಮೂಲೆಗೇ ಬರುವುದಿಲ್ಲ.

ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಕಟ್ಟುಗಟ್ಟಲೆ ಅಗ್ಗಕ್ಕೆ ಸಿಗುವ ನೀತಿಕಥೆ, ತೆನಾಲಿ ರಾಮ, ಅಕ್ಬರ್-ಬೀರಬಲ್ ಪುಸ್ತಕಗಳನ್ನು ಕಂಡು ಕೈ ಆಡುತ್ತದೆ. ಆ ಕಥೆಗಳು ಒಳ್ಳೆಯವೇ. ಆದರೆ ಒಂದೇ ಕಥೆ ಐದು ಹೆಸರಿನಲ್ಲಿ, ಸಣ್ಣ ಅಕ್ಷರದಲ್ಲಿ, ಮಸುಕು ಮುದ್ರಣದಲ್ಲಿ ಬಂದಿರುತ್ತದೆ, ಕಾಗುಣಿತದ ತಪ್ಪುಗಳೂ ಇರುತ್ತವೆ. ಮಕ್ಕಳು ಕಣ್ಣಲ್ಲಿ ಕಂಡ ಕಾಗುಣಿತವನ್ನೇ ಕಲಿಯುತ್ತಾರೆ. ಅಂಥ 20ಕ್ಕಿಂತ ಒಳ್ಳೆಯ 5 ಪುಸ್ತಕ ಮೇಲು.

ಕೊಳ್ಳುವ ಮೊದಲು ಪ್ರತಿ ಪುಸ್ತಕದ ನಡುವಿನ ಪುಟ ತೆರೆದು, ಅಂಗಡಿಯಲ್ಲೇ ನಿಂತು, ತುಟಿ ಆಡಿಸಿ ಓದಿ. ಉಸಿರು ಸಿಕ್ಕಿಕೊಳ್ಳುವಷ್ಟು ಉದ್ದನೆಯ ವಾಕ್ಯವಾದರೆ ಕೆಳಗಿಡಿ. ಚಿತ್ರದಲ್ಲಿ ನಿಮ್ಮ ಮಕ್ಕಳಂಥ ಮಕ್ಕಳು, ಅವರ ಮನೆಯಂಥ ಮನೆ ಎಲ್ಲಾದರೂ ಇದೆಯೇ ನೋಡಿ. ಹುಡುಗಿಯರು ನೀರು ಹೊರುವುದು, ಅಳುವುದು ಬಿಟ್ಟು ಬೇರೆ ಏನಾದರೂ ಮಾಡುತ್ತಾರೆಯೇ ನೋಡಿ. ಕೊನೆಯ ಪುಟದಲ್ಲಿ ಉಪದೇಶ ಮಾತ್ರ ಉಳಿದಿದ್ದರೆ ಯೋಚಿಸಿ. ಉಪದೇಶ ಮಕ್ಕಳಿಗೆ ದಿನವಿಡೀ ನಮ್ಮಿಂದ ಸಿಗುತ್ತಲೇ ಇದೆ. ಕೊನೆಗೆ ಬೆನ್ನು ನೋಡಿ. ನಡುವೆ ಪಿನ್ ಹೊಡೆದ ಅಥವಾ ಹೊಲಿದ ತೆಳು ಪುಸ್ತಕ ಬಾಳಿಕೆ ಬರುತ್ತದೆ. ಬರೀ ಅಂಟು ಹಾಕಿದ್ದು ಅಂಗೈ ಅಗಲ ಬಿಚ್ಚಿದಾಗಲೇ ಹಾಳೆ ಉದುರಿಸುತ್ತದೆ.

ಎಲ್ಲಿ ಸಿಗುತ್ತವೆ? ಬೆಂಗಳೂರಿನಲ್ಲಿ 2004ರಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಲಾಭಕ್ಕಾಗಿ ನಡೆಯುವ ಸಂಸ್ಥೆಯಲ್ಲ, ಕನ್ನಡದಲ್ಲಿ ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ತರುತ್ತದೆ. ಓದಿನ ಮಟ್ಟವನ್ನು ಒಂದರಿಂದ ನಾಲ್ಕು ಎಂದು ಪುಸ್ತಕದ ಮೇಲೆಯೇ ಗುರುತಿಸಿರುವುದರಿಂದ ಹೊಸಬರಿಗೆ ಆರಿಸುವುದು ಸುಲಭ. 1957ರಿಂದ ಇರುವ ನ್ಯಾಷನಲ್ ಬುಕ್ ಟ್ರಸ್ಟಿನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಬೇರೆ ಬೇರೆ ರಾಜ್ಯಗಳ ಕಥೆಗಳು ಕನ್ನಡಕ್ಕೆ ಬಂದಿವೆ. ಚೆನ್ನೈಯ ತೂಲಿಕಾ ಕನ್ನಡ-ಇಂಗ್ಲಿಷ್ ಎರಡೂ ಒಂದೇ ಪುಟದಲ್ಲಿರುವ ಪುಸ್ತಕಗಳನ್ನು ಮಾಡುತ್ತದೆ. ಬೆಲೆ ತುಸು ಹೆಚ್ಚು, ಎರಡು ಮೂರು ಸಾಕು. ನವಕರ್ನಾಟಕದಲ್ಲಿ ವಿಜ್ಞಾನದ ಪುಟ್ಟ ಪುಸ್ತಕಗಳು ಚೆನ್ನಾಗಿವೆ. ರಾಷ್ಟ್ರೋತ್ಥಾನದ ಭಾರತ-ಭಾರತಿ ಮಾಲೆಯ ಜೀವನಚರಿತ್ರೆಗಳು ಜೇಬಿಗೆ ಹಿಡಿಸುವಷ್ಟು ಚಿಕ್ಕವು, ಐದನೆಯ ತರಗತಿಯಿಂದ ಮೇಲೆ ಕೊಡಿ. ರಾಜ್ಯೋತ್ಸವದ ನವೆಂಬರ್ ತಿಂಗಳಲ್ಲಿ ಕನ್ನಡ ಪುಸ್ತಕ ಪ್ರಾಧಿಕಾರದಂಥ ಸರ್ಕಾರಿ ಪ್ರಕಾಶನಗಳು ದೊಡ್ಡ ರಿಯಾಯಿತಿಯಲ್ಲಿ ಮಾರುವುದುಂಟು, ಸಾಹಿತ್ಯ ಸಮ್ಮೇಳನದ ಮಳಿಗೆಗಳಲ್ಲೂ ಬೆಲೆ ಇಳಿಯುತ್ತದೆ. ಆ ತಿಂಗಳಿಗೆ ಸ್ವಲ್ಪ ಹಣ ಮಿಗಿಸಿಟ್ಟುಕೊಳ್ಳಿ.

ದೊಡ್ಡ ಪುಸ್ತಕಗಳನ್ನು ನೀವು ಗಟ್ಟಿಯಾಗಿ ಓದಿ ಹೇಳುವುದಕ್ಕೆಂದು ಕೊಳ್ಳಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡಕ್ಕೆ ಮೊದಲು ಬಂದದ್ದು ಬೊಳುವಾರು ಮಹಮದ್ ಕುಂಞಿ ಅವರು ಗಾಂಧೀಜಿಯ ಬಗ್ಗೆ ಮಕ್ಕಳಿಗಾಗಿ ಬರೆದ ಪುಸ್ತಕಕ್ಕೆ. ಆಮೇಲೆ ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’ ಈ ಗೌರವ ಪಡೆದವು. ಈ ಪಟ್ಟಿಯ ಒಂದೆರಡು ಕೈಯಲ್ಲಿದ್ದರೆ ಈಗ ಕನ್ನಡದಲ್ಲಿ ಮಕ್ಕಳಿಗೆ ಯಾರು ಬರೆಯುತ್ತಿದ್ದಾರೆಂದು ನಿಮಗೂ ಗೊತ್ತಾಗುತ್ತದೆ. ಇದು ಮುಖ್ಯ, ಏಕೆಂದರೆ ನಮ್ಮಲ್ಲಿ ಎಷ್ಟೋ ಶಿಕ್ಷಕರ ಮಕ್ಕಳ ಸಾಹಿತ್ಯದ ಪರಿಚಯ ರಾಜರತ್ನಂ ಹತ್ತಿರವೇ ನಿಂತಿದೆ. ಆರು, ಏಳನೇ ತರಗತಿಯವರಿಗಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಪರಿಸರದ ಕತೆ’ ಇಲ್ಲದೆ ಮೂಲೆ ತುಂಬುವುದೇ ಇಲ್ಲ.

ಈಗ ಲೆಕ್ಕ. ಪುಸ್ತಕಕ್ಕೆ ಸುಮಾರು 50 ರೂಪಾಯಿ ಹಿಡಿದರೆ 32 ಚಿತ್ರಪುಸ್ತಕಕ್ಕೆ 1,600. ಓದಿ ಹೇಳುವ ಸ್ವಲ್ಪ ದೊಡ್ಡ 5 ಪುಸ್ತಕಕ್ಕೆ 400. ಹಗ್ಗ, ಕ್ಲಿಪ್ಪು, ಸೂಜಿದಾರ, ಬೈಂಡಿಂಗ್ ಬಟ್ಟೆ, ಒಂದು ನೋಟ್‌ಬುಕ್, ಕೆಲವು ಜೆರಾಕ್ಸ್ ಎಲ್ಲ ಸೇರಿ 400. ಉಳಿದ 600 ಈಗ ಮುಟ್ಟಬೇಡಿ. ಮಕ್ಕಳಿಗೆ ಏನು ಹಿಡಿಸುತ್ತದೆಂದು ಜೂನ್‌ನಲ್ಲಿ ನಿಮಗೆ ಗೊತ್ತಿರುವುದಿಲ್ಲ, ನವೆಂಬರ್ ಹೊತ್ತಿಗೆ ಗೊತ್ತಿರುತ್ತದೆ. ಎಲ್ಲ ಹಣವನ್ನೂ ಒಂದೇ ದಿನ ಖರ್ಚು ಮಾಡುವುದು ಸಣ್ಣ ಬಜೆಟ್ಟಿಗೆ ದೊಡ್ಡ ಹೊಡೆತ.

ಬೀರುವಿನಿಂದ ತಂದ 40 ಸೇರಿದರೆ ಆಗಲೇ 77 ಆಯಿತು. ಇನ್ನು ದುಡ್ಡಿಲ್ಲದೆ ಬರುವ ಪುಸ್ತಕಗಳು. ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಸ್ಟೋರಿವೀವರ್ ತಾಣದ ಕನ್ನಡ ಕಥೆಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮುದ್ರಿಸಬಹುದು, ಲೇಖಕರು, ಚಿತ್ರಕಾರರು, ಅನುವಾದಕರ ಹೆಸರಿರುವ ಪುಟವನ್ನು ಮಾತ್ರ ಉಳಿಸಿಕೊಳ್ಳಬೇಕು. 16 ಪುಟದ ಕಥೆಯನ್ನು ಎ4 ಹಾಳೆಯ ಎರಡೂ ಬದಿಗೆ ಹೊಂದಿಸಿ ಮಡಚಿದರೆ 4 ಹಾಳೆ ಸಾಕು. ಬದಿಗೆ 2 ರೂಪಾಯಿಯಂತೆ 16 ರೂಪಾಯಿಗೆ ಒಂದು ಪುಸ್ತಕ. ಕಪ್ಪುಬಿಳುಪಿನಲ್ಲಿ ಬಂದ ಚಿತ್ರಕ್ಕೆ ಮಕ್ಕಳೇ ಬಣ್ಣ ತುಂಬಲಿ.

ಇನ್ನೊಂದು ದಾರಿ ಹಳೆಯ ಸಾಹಿತ್ಯದ್ದು. ನಮ್ಮ ಕಾನೂನಿನಂತೆ ಲೇಖಕರು ತೀರಿಕೊಂಡ ವರ್ಷದಿಂದ 60 ವರ್ಷ ಕಳೆದ ಮೇಲೆ ಅವರ ಬರಹದ ಹಕ್ಕುಸ್ವಾಮ್ಯ ಮುಗಿಯುತ್ತದೆ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ. ಅವರ ಮಕ್ಕಳ ಕಥೆ, ಪದ್ಯಗಳನ್ನು ನೀವು ದೊಡ್ಡ ಅಕ್ಷರದಲ್ಲಿ ಬರೆದು, ಮಕ್ಕಳಿಂದ ಚಿತ್ರ ಬರೆಸಿ, ಹೊಲಿದು ಪುಸ್ತಕ ಮಾಡಬಹುದು. ಪಂಜೆಯವರು ತಾವೇ ಮೇಷ್ಟರಾಗಿದ್ದವರು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ತಿರುಗಿದವರು. ಮಕ್ಕಳ ನಾಲಿಗೆಗೆ ಯಾವ ಮಾತು ಒಗ್ಗುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕುವೆಂಪು, ಕಾರಂತ, ರಾಜರತ್ನಂ ಅವರ ಬರಹಗಳಿಗೆ ಹಕ್ಕು ಇನ್ನೂ ಇದೆ, ಅವನ್ನು ಕೊಂಡೇ ತನ್ನಿ.

ಎಲ್ಲಕ್ಕಿಂತ ಹೆಚ್ಚು ಓದಿಸಿಕೊಳ್ಳುವ ಪುಸ್ತಕ ಮಾತ್ರ ಮಕ್ಕಳೇ ಮಾಡಿದ್ದು. ಅಜ್ಜಿ ಹೇಳಿದ ಕಥೆ, ಊರಿನ ಒಗಟುಗಳು, ಮನೆಯ ಎಮ್ಮೆ ಕರು ಹಾಕಿದ ದಿನ, ಊರಿನ ಜಾತ್ರೆ. ಮಗು ತನ್ನ ಮಾತಿನಲ್ಲೇ ಹೇಳಲಿ, ನೀವು ಬರೆದುಕೊಳ್ಳಿ. ಲಂಬಾಣಿ ಮಗು ತನ್ನ ಭಾಷೆಯಲ್ಲಿ ಹೇಳಿದರೆ ಕನ್ನಡ ಅಕ್ಷರದಲ್ಲೇ ಅದನ್ನೂ ಬರೆಯಿರಿ, ಪಕ್ಕದಲ್ಲಿ ಕನ್ನಡ ಮಾತು ಬರಲಿ. ಮುಖಪುಟದ ಮೇಲೆ ಬರೆದವರ ಹೆಸರು ದೊಡ್ಡದಾಗಿ ಇರಲಿ. ಕಾಗುಣಿತದಲ್ಲೇ ನಿಂತಿದ್ದ ಮಗು ತನ್ನ ಹೆಸರಿರುವ ಪುಸ್ತಕವನ್ನು ಬಾಯಿಪಾಠವಾಗುವಷ್ಟು ಸಲ ತಿರುವಿಹಾಕಿ, ಆ ಬಾಯಿಪಾಠದ ಬೆನ್ನು ಹಿಡಿದೇ ಅಕ್ಷರಗಳನ್ನು ಗುರುತಿಸತೊಡಗುತ್ತದೆ. ವಾರಕ್ಕೊಂದರಂತೆ ಮಾಡಿದರೂ ವರ್ಷಕ್ಕೆ 30 ಆಗುತ್ತವೆ.

ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ಮರೆಯಬೇಡಿ. ಈ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ನವೆಂಬರ್ 14ರಂದು ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಕ್ಕಳನ್ನೆಲ್ಲ ಸದಸ್ಯರನ್ನಾಗಿ ಮಾಡಿ, ಅಲ್ಲಿನ ಮೇಲ್ವಿಚಾರಕರ ಪರಿಚಯ ಬೆಳೆಸಿ. ತಿಂಗಳಿಗೊಮ್ಮೆ 20 ಪುಸ್ತಕ ತರಗತಿಗೆ ಎರವಲು ಕೊಡಲು ಸಾಧ್ಯವೇ ಎಂದು ಕೇಳಿ ನೋಡಿ. ಪಕ್ಕದ ಶಾಲೆಯ ಶಿಕ್ಷಕರೊಂದಿಗೂ ಇದೇ ಒಪ್ಪಂದ ಆಗಬಹುದು. ಸಮಾಲೋಚನಾ ಸಭೆಗೆ ಹೋಗುವಾಗ ಒಂದು ಚೀಲ ಪುಸ್ತಕ ಒಯ್ದು ಒಂದು ಚೀಲ ತಂದರೆ ಎರಡೂ ಕಡೆ ಹೊಸ ಪುಸ್ತಕ ಬಂದಂತೆ.

ದಾನ ಕೇಳುವಾಗ ‘ಹಳೆಯ ಪುಸ್ತಕ ಇದ್ದರೆ ಕೊಡಿ’ ಎನ್ನಬೇಡಿ. ಹಳೆಯ ಗೈಡುಗಳು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಬಂದು ಬೀಳುತ್ತವೆ, ಬೇಡವೆನ್ನಲೂ ಆಗುವುದಿಲ್ಲ. ಬೇಕಾದ ಹತ್ತು ಪುಸ್ತಕಗಳ ಹೆಸರು ಬರೆದ ಚೀಟಿ ಕೊಡಿ. ಹುಟ್ಟುಹಬ್ಬಕ್ಕೆ ಚಾಕೊಲೇಟ್ ಬದಲು ಪುಸ್ತಕ ಎಂಬ ಪದ್ಧತಿ ಈಗ ಹಲವು ಕಡೆ ಇದೆ. ಒಳ್ಳೆಯದೇ, ಆದರೆ ಕೂಲಿ ಮಾಡುವ ಮನೆಯ ಮಗು ಕೊಡಲಾಗದೆ ತಲೆ ತಗ್ಗಿಸುವಂತೆ ಆಗಬಾರದು. ಯಾರು ಕೊಟ್ಟರೆಂದು ತರಗತಿಯಲ್ಲಿ ಓದಿ ಹೇಳಬೇಡಿ.

ಪುಸ್ತಕ ಇಡಲು ಕಪಾಟು ಕೊಳ್ಳಬೇಕಿಲ್ಲ. ಕಪಾಟಿನಲ್ಲಿ ಕಾಣುವುದು ಬೆನ್ನು ಮಾತ್ರ, ತೆಳು ಪುಸ್ತಕಕ್ಕೆ ಬೆನ್ನೇ ಇಲ್ಲ. ಮಕ್ಕಳ ಎದೆಯೆತ್ತರಕ್ಕೆ ಗೋಡೆಯಿಂದ ಗೋಡೆಗೆ ನೈಲಾನ್ ಹಗ್ಗ ಎರಡು ಸಾಲು ಬಿಗಿದು, ಪುಸ್ತಕವನ್ನು ನಡುವಿಗೆ ತೆರೆದು ಬಟ್ಟೆಯಂತೆ ನೇತುಹಾಕಿ, ಮುಖಪುಟ ಹೊರಗೆ ಕಾಣಲಿ. ಫ್ಯಾನ್ ಗಾಳಿಗೆ ಬೀಳುವಂತಿದ್ದರೆ ಕ್ಲಿಪ್ಪು ಹಾಕಿ. ಒಮ್ಮೆಗೆ 25 ಸಾಕು, ಉಳಿದವು ಪೆಟ್ಟಿಗೆಯಲ್ಲಿರಲಿ, ಎರಡು ವಾರಕ್ಕೊಮ್ಮೆ ಬದಲಾಯಿಸಿ. ಮಕ್ಕಳಿಗೆ ಅದೇ ಹೊಸ ಪುಸ್ತಕ ಬಂದಂತೆ. ಮಲೆನಾಡು, ಕರಾವಳಿಯಲ್ಲಿ ಮಳೆಗಾಲದ ತೇವ ಹೀರುವ ಗೋಡೆಯಿಂದ ದೂರ ಇಡಿ, ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆ ಇಟ್ಟಿಗೆಯ ಮೇಲಿಡಿ, ಬಿಸಿಲು ಬಂದ ದಿನ ಗಾಳಿಗೆ ಹರವಿ. ಬಯಲುಸೀಮೆಯಲ್ಲಿ ಗೆದ್ದಲಿನ ಕಾಟ. ಒಣಗಿದ ಬೇವಿನ ಸೊಪ್ಪು ಹಾಕಿಟ್ಟು ಆಗಾಗ ಬದಲಾಯಿಸಿ. ನುಸಿಗುಳಿಗೆ ವಿಷ, ಮಕ್ಕಳ ಕೈಗೆ ಸಿಗುವಲ್ಲಿ ಅದು ಬೇಡವೇ ಬೇಡ. ಹರಿದದ್ದಕ್ಕೆ ಸೆಲ್ಲೋ ಟೇಪ್ ಅಂಟಿಸಿದರೆ ಹಳದಿಯಾಗಿ ಎದ್ದುಬರುತ್ತದೆ. ದಬ್ಬಳದಿಂದ ಹೊಲಿದು ಬೆನ್ನಿಗೆ ಬೈಂಡಿಂಗ್ ಬಟ್ಟೆ ಹಚ್ಚುವುದನ್ನು ಐದನೇ ತರಗತಿಯ ಮಕ್ಕಳಿಗೆ ಕಲಿಸಿದರೆ ಶನಿವಾರಕ್ಕೊಂದು ಒಳ್ಳೆಯ ಕೆಲಸ.

ಲೆಕ್ಕ ಇಡುವುದು ಮಕ್ಕಳೇ. ನೋಟ್‌ಬುಕ್ಕಿನಲ್ಲಿ ಒಂದು ಮಗುವಿಗೆ ಒಂದು ಪುಟ: ಒಯ್ದ ದಿನ, ಪುಸ್ತಕದ ನಂಬರ್, ತಂದ ದಿನ. ಇಬ್ಬರು ಮಕ್ಕಳು ವಾರದ ಮೇಲ್ವಿಚಾರಕರು, ಸರದಿ ಎಲ್ಲರಿಗೂ ಬರಲಿ, ಓದಲು ಹಿಂದಿರುವವರಿಗೂ. ಪುಸ್ತಕ ಮನೆಗೆ ಹೋಗಲೇಬೇಕು. ಅಣ್ಣ, ತಂಗಿ, ಅಕ್ಷರ ಬಾರದ ಅಜ್ಜಿ ಎಲ್ಲರೂ ಅದನ್ನು ನೋಡುತ್ತಾರೆ. ಕಳೆದರೆ ದಂಡ ಹಾಕಬೇಡಿ. ದಂಡ ಹಾಕಿದ ಮನೆಯಲ್ಲಿ ಮಾರನೇ ದಿನದಿಂದ ಪುಸ್ತಕ ತರಬೇಡವೆಂದು ತಾಯಿಯೇ ಹೇಳುತ್ತಾಳೆ. ಆ ಮಗು ಒಂದು ಕಥೆ ಬರೆದು ಕೊಡಲಿ, ಅದನ್ನು ಹೊಲಿದು ಪುಸ್ತಕ ಮಾಡಿ.

ಇಷ್ಟೆಲ್ಲ ಮಾಡಿದರೂ ನೀವು ದಿನಕ್ಕೆ ಹತ್ತು ನಿಮಿಷ ಗಟ್ಟಿಯಾಗಿ ಓದಿ ಹೇಳದಿದ್ದರೆ ಹಗ್ಗದ ಮೇಲಿನ ಪುಸ್ತಕ ಹಗ್ಗದ ಮೇಲೇ ಉಳಿಯುತ್ತದೆ. ಬೆಳಗಿನ ಹಾಜರಿಯ ನಂತರವೋ, ಮಧ್ಯಾಹ್ನ ಊಟದ ಮೇಲೋ, ಯಾವುದಾದರೊಂದು ಹೊತ್ತು ಗೊತ್ತುಮಾಡಿಕೊಳ್ಳಿ. ಓದಿ ಮುಗಿಸಿದ ಮೇಲೆ ಪ್ರಶ್ನೆ ಕೇಳಬೇಡಿ, ನೀತಿ ಏನೆಂದು ಕೇಳಬೇಡಿ. ಆ ಪುಸ್ತಕವನ್ನು ಹಗ್ಗಕ್ಕೆ ಹಾಕಿ ಸುಮ್ಮನಿರಿ. ಅದೇ ದಿನ ಯಾರಾದರೂ ಅದನ್ನು ಎತ್ತಿಕೊಳ್ಳುತ್ತಾರೆ, ಯಾಕೆಂದರೆ ಕಥೆ ಗೊತ್ತಿರುವ ಪುಸ್ತಕವನ್ನು ಓದಲು ಧೈರ್ಯ ಬರುತ್ತದೆ.

ನವೆಂಬರ್ ಬಂದಾಗ ಮಿಗಿಸಿಟ್ಟ 600 ರೂಪಾಯಿ ತೆಗೆಯಿರಿ. ಅತಿ ಹೆಚ್ಚು ಸವೆದ ಮೂರು ಪುಸ್ತಕ ಯಾವುವು ನೋಡಿ, ಅವುಗಳ ಇನ್ನೊಂದು ಪ್ರತಿ ಕೊಳ್ಳಿ. ಇಬ್ಬರು ಗೆಳೆಯರು ಅಕ್ಕಪಕ್ಕ ಕೂತು ಒಂದೇ ಪುಸ್ತಕ ಓದಬಹುದು. ನೋಟ್‌ಬುಕ್ಕಿನಲ್ಲಿ ಪುಟ ಖಾಲಿ ಉಳಿದ ಮಕ್ಕಳು ಯಾರು ನೋಡಿ, ಅವರನ್ನು ಪಕ್ಕಕ್ಕೆ ಕರೆದು ಏನು ಇಷ್ಟ ಎಂದು ಕೇಳಿ. ಟ್ರ್ಯಾಕ್ಟರ್ ಎಂದರೆ ಟ್ರ್ಯಾಕ್ಟರಿನ ಪುಸ್ತಕ, ಹಾವು ಎಂದರೆ ಹಾವಿನ ಪುಸ್ತಕ, ಕಬಡ್ಡಿ ಎಂದರೆ ಆಟದ ಪುಸ್ತಕ ಹುಡುಕಿ ತನ್ನಿ. ಬಿಲ್ಲು ಶಾಲೆಯ ಹೆಸರಿಗೇ ಮಾಡಿಸಿ, ಅವತ್ತೇ ದಾಸ್ತಾನು ವಹಿಗೆ ಏರಿಸಿ, ಮಾರನೇ ಬೆಳಗ್ಗೆ ಅದನ್ನು ಕೇಳಿದ ಮಗುವಿನ ಕೈಯಿಂದಲೇ ನಂಬರ್ ಬರೆಸಿ.